ಏಳನೇ ಕಲಮಿನ ವಿರುದ್ಧ

ಫೆಬ್ರವರಿ ೬

ಪ್ರೀತಿಯ ತಂಗೀ,

ಅಪ್ಪನ ಕೆಮ್ಮು ಇಳಿದಿದೆ, ನನ್ನ ಮಂಡಿನೋವು ಇದ್ದ ಹಾಗೇ ಇದೆ. ಮನೆಯ ವರದಿ ಇಷ್ಟೇ. ಇವತ್ತು ಪೆನ್ನು ಹಿಡಿದಿರುವುದು ಸಿಟ್ಟಿಗೆ.

ಮೊನ್ನೆ ಪಾಲಿಕೆಯವರು ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಒಂದು ತೆಳ್ಳನೆಯ ಪುಸ್ತಿಕೆ ಹಂಚಿ ಹೋದರು. ಹೊರಾಂಗಣ ಫಲಕಗಳ ಪರಿಷ್ಕೃತ ನಿಯಮಗಳು, ಕರಡು ಪ್ರತಿ. ಇನ್ನು ಮುಂದೆ ಊರಿನ ಬೋರ್ಡುಗಳಿಗೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಒಂದೇ ನಮೂನೆಯ ಅಕ್ಷರ. ಬೋರ್ಡು ಗೋಡೆಗೆ ಅಂಟಿಕೊಂಡಿರಬೇಕು, ಬೀದಿಯತ್ತ ಚಾಚಬಾರದು. ಬರಿಯ ಗೋಡೆಯ ಮೇಲೆ ಬಣ್ಣ ತಾಗಿಸುವಂತಿಲ್ಲ, ಅದು ಒಂಬತ್ತನೇ ಕಲಮು. ಇದನ್ನೆಲ್ಲ ಹೇಗೋ ನುಂಗಬಹುದಿತ್ತೇನೋ. ಗಂಟಲಲ್ಲಿ ಸಿಕ್ಕಿಕೊಂಡಿರುವುದು ಏಳನೆಯದು. ಇದ್ದ ಹಾಗೇ ಇಳಿಸುತ್ತೇನೆ:

'ಫಲಕಗಳಲ್ಲಿ ಯಾವುದೇ ಚಿತ್ರ, ಆಕೃತಿ ಅಥವಾ ವಸ್ತುವಿನ ಮಾದರಿ ಇರತಕ್ಕದ್ದಲ್ಲ. ಚಿತ್ರಫಲಕಗಳು ಓದು ಬಾರದ ಕಾಲದ ಪಳೆಯುಳಿಕೆಗಳು. ಓದಬಲ್ಲ ನಾಗರಿಕರ ನಗರಕ್ಕೆ ಅವು ಶೋಭೆ ತರುವುದಿಲ್ಲ.'

ಅಂದರೆ ಬೀಗದವನ ಅಂಗಡಿಯ ಮುಂದೆ ನೇತಾಡುವ ಆಳೆತ್ತರದ ಕೀಲಿ ಹೋಗಬೇಕು. ದರ್ಜಿಯ ಕತ್ತರಿ, ಹಲ್ಲಿನ ಡಾಕ್ಟರ ಹಲ್ಲು, ಕನ್ನಡಕದವಳ ಎರಡು ಕಣ್ಣು, ಎಲ್ಲವೂ ಗುಜರಿಗೆ. ಆ ಕಣ್ಣುಗಳ ರೆಪ್ಪೆಯ ಒಂದೊಂದು ಕೂದಲನ್ನೂ ಅಪ್ಪ ಮೂರು ಎಳೆಯ ಬ್ರಷ್ಷಿನಲ್ಲಿ ಎಳೆದದ್ದು ನಿನಗೆ ನೆನಪಿರಬೇಕು. ಏಣಿ ಹಿಡಿದವಳು ನೀನೇ.

ಇದನ್ನು ಬರೆದ ಪುಣ್ಯಾತ್ಮ ಯಾರೋ. ಹುಟ್ಟಿದಾಗಿನಿಂದ ಒಂದು ದಿನವೂ ದಾರಿ ತಪ್ಪಿ ಅಲೆದವನಲ್ಲ, ಅಷ್ಟಂತೂ ಖಂಡಿತ. ಕೈಗೆ ಸಿಕ್ಕರೆ ಟರ್ಪೆಂಟೈನ್ ಡಬ್ಬಿಯಲ್ಲಿ ಅದ್ದಿ, ಹಳೇ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡುತ್ತಿದ್ದೆ.

ಆಕ್ಷೇಪಣೆ ಸಲ್ಲಿಸಲು ಅರವತ್ತು ದಿನ ಕೊಟ್ಟಿದ್ದಾರೆ. ನೀನು ರಾಜಧಾನಿಯ ಯೋಜನಾ ಕಚೇರಿಯಲ್ಲಿ ರಸ್ತೆ ನಕ್ಷೆ ಬಿಡಿಸುವವಳು, ಆ ಜನರ ಭಾಷೆ ನಿನಗೆ ಗೊತ್ತು. ಹೇಗೆ ಬರೆದರೆ ಅವರ ಕಿವಿಗೆ ಬೀಳುತ್ತದೆ, ಹೇಳಿಕೊಡು.

ಅಪ್ಪನಿಗೆ ಏಳನೇ ಕಲಮು ಓದಿ ಹೇಳಿದೆ. ಆಗಲೇ ತೊಳೆದಿಟ್ಟಿದ್ದ ಬ್ರಷ್ಷುಗಳನ್ನು ತೆಗೆದು ಮತ್ತೆ ತೊಳೆಯಲು ಕೂತ.

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕಾ,

ಪತ್ರ ಸಿಕ್ಕಿತು. ತಡವಾಯಿತು, ಕಚೇರಿಯಲ್ಲಿ ಕೆಲಸ ಹೆಚ್ಚು.

ಆಕ್ಷೇಪಣೆ ಬರೆಯುವಾಗ ಬೈಗುಳ ಬೇಡ. ಕಲಮಿನ ಸಂಖ್ಯೆ ಮೊದಲು, ತೊಂದರೆ ಆಮೇಲೆ, ಕೊನೆಗೆ ನಿಮಗೆ ಬೇಕಾದ ತಿದ್ದುಪಡಿ. ಒಬ್ಬೊಬ್ಬರೂ ಬೇರೆ ಬೇರೆ ಸಲ್ಲಿಸಿ. ನೂರು ಸಹಿಯ ಒಂದು ಅರ್ಜಿಯನ್ನು ಒಂದೇ ಆಕ್ಷೇಪಣೆ ಎಂದು ಎಣಿಸುತ್ತಾರೆ.

ಆದರೂ ಒಂದು ಮಾತು. ಬರೆದವರು ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಹೋದ ವರ್ಷ ಬೇರೊಂದು ಊರಿನಲ್ಲಿ ತುಕ್ಕು ಹಿಡಿದ ತಗಡಿನ ಬೋರ್ಡು ಕಳಚಿ ಹೆಂಗಸೊಬ್ಬಳ ಭುಜ ಮುರಿಯಿತು. ನಮ್ಮ ಬೀದಿಯ ಫೋಟೋವನ್ನು ಹೊರಗಿನವರ ಕಣ್ಣಿನಿಂದ ನೋಡಿದ್ದೀಯಾ? ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಿರುವ ಹಾಗೆ ಕಾಣುತ್ತದೆ. ಈಗ ಯಾರಿಗೆ ಓದಲು ಬರುವುದಿಲ್ಲ ಹೇಳು? ಶಾಲೆ ಇಲ್ಲದ ಬೀದಿಯೇ ಇಲ್ಲ.

ಅಪ್ಪನಿಗೂ ವಯಸ್ಸಾಯಿತು. ಏಣಿ ಹತ್ತುವುದನ್ನು ನಿಲ್ಲಿಸಲು ಇದೊಂದು ನೆಪವಾದರೆ ಆಗಲಿ.

ಮೊನ್ನೆ ಇಲ್ಲಿನ ಗೆಳತಿಯರಿಗೆ ಅಪ್ಪನ ಆ ತಮಾಷೆ ಹೇಳಿದೆ. ದರ್ಜಿ ಚೀಟಿಯಲ್ಲಿ ಅಂಗಡಿ ಹೆಸರು ಬರೆದು, ಕೆಳಗೆ 'ಸಂಜೆ ಐದಕ್ಕೆ ಬೇಕು' ಎಂದು ಬರೆದಿದ್ದನಲ್ಲ, ಅಪ್ಪ ಅದನ್ನೂ ಸೇರಿಸಿ ಬೋರ್ಡಿಗೆ ಇಳಿಸಿ ಕೊಟ್ಟಿದ್ದು. 'ಹೊಸ ಹೊಲಿಗೆ ಅಂಗಡಿ, ಸಂಜೆ ಐದಕ್ಕೆ ಬೇಕು.' ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿಗಳನ್ನು ಹಾಗೆ ಕಾಡಿಸುವ ಧೈರ್ಯ ಅಪ್ಪನಿಗೆ ಮಾತ್ರ.

ತಂಗಿ


ಮಾರ್ಚ್ ೨

ತಂಗೀ,

ನೀನು ಹೇಳಿಕೊಟ್ಟ ಹಾಗೆ ಶುರು ಮಾಡಿದ್ದೇವೆ. ನಮ್ಮ ಬಣ್ಣದ ಕೊಟ್ಟಿಗೆಯೇ ಈಗ ಆಕ್ಷೇಪಣೆ ಕಚೇರಿ. ಬೆಳಿಗ್ಗೆ ಬಾಗಿಲು ತೆಗೆದರೆ ಜನ. ನಿನ್ನೆಯವರೆಗೆ ಅರವತ್ತೆಂಟು ಬರೆದುಕೊಟ್ಟೆ. ಬೆರಳಿಗೆ ಬಣ್ಣದ ಬದಲು ಶಾಯಿ.

ಹೋದ ವಾರ ಪಾಲಿಕೆಯ ಇನ್‌ಸ್ಪೆಕ್ಟರು ಟೇಪು ಹಿಡಿದು ಬಂದಿದ್ದ. ಬೀಗದವನ ಕೀಲಿ ಅಳೆದು, 'ನಿಯಮಕ್ಕಿಂತ ನಾಲ್ಕು ಅಡಿ ಹೆಚ್ಚು' ಎಂದ. ಬೀಗದವನು, 'ಸರಿ ಸ್ವಾಮಿ, ಎಷ್ಟಿರಬೇಕು?' ಎಂದು ಕೇಳಿದ. 'ಇರಲೇಬಾರದು.' 'ಹಾಗಾದ್ರೆ ಅಳೆದಿದ್ದು ಯಾಕೆ?' ಇನ್‌ಸ್ಪೆಕ್ಟರು ಟೇಪು ಸುತ್ತಿಕೊಂಡು ಹಲ್ಲಿನ ಡಾಕ್ಟರ ಕಡೆ ನಡೆದ.

ಯಾರಿಗೆ ಓದಲು ಬರುವುದಿಲ್ಲ ಎಂದು ಕೇಳಿದ್ದೆ. ಬೆಳಗಿನ ಮೊದಲ ಬಸ್ಸಿಗೆ ಒಮ್ಮೆ ಬಂದು ನಿಂತು ನೋಡು. ಹೊರಗಿನ ಊರುಗಳಿಂದ ಇಳಿಯುವವರು ಯಾರನ್ನೂ ದಾರಿ ಕೇಳುವುದಿಲ್ಲ, ತಲೆ ಎತ್ತಿ ಕಣ್ಣು ಹುಡುಕುತ್ತಾರೆ, ಹಲ್ಲು ಹುಡುಕುತ್ತಾರೆ. ಕೇಳಿದರೆ ಓದು ಬಾರದು ಎಂದು ಗೊತ್ತಾಗಿಬಿಡುತ್ತದಲ್ಲ.

ದರ್ಜಿಯ ಬೋರ್ಡಿನ ಕಥೆಯನ್ನು ಇನ್ನು ಮುಂದೆ ಯಾರಿಗೂ ಹೇಳಬೇಡ. ಯಾಕೆ ಎಂದು ಕೇಳಲೂಬೇಡ.

ಏಪ್ರಿಲ್ ಹತ್ತಕ್ಕೆ ಪಾಲಿಕೆಯ ಸಭಾಂಗಣದಲ್ಲಿ ಅಹವಾಲು ಸಭೆ. ಕರಡು ನಿಮ್ಮ ಕಚೇರಿಯಲ್ಲೇ ತಯಾರಾದದ್ದಂತೆ, ಹೌದೇ? ಏಳನೇ ಕಲಮು ಬರೆದವನು ನಿನಗೆ ಗೊತ್ತಿದ್ದರೆ ಹೆಸರು ತಿಳಿಸು. ಸಭೆಯಲ್ಲಿ ಎದುರಿಗೇ ಕೇಳಬೇಕು.

ಅಕ್ಕ


ಮಾರ್ಚ್ ೧೫

ಅಕ್ಕಾ,

ಕಚೇರಿ ದೊಡ್ಡದು. ಯಾರು ಏನು ಬರೆಯುತ್ತಾರೆ ಎಂದು ಹೇಳುವುದು ಕಷ್ಟ.

ಗೋಡೆಗೆ ಅಂಟಿದ ಬೋರ್ಡಿನಲ್ಲಿ ಒಂದು ಗೇಣು ಚಿತ್ರಕ್ಕೆ ಅವಕಾಶ ಕೇಳಿ ನೋಡು, ಕೊಡಬಹುದು. ಅದಕ್ಕಿಂತ ಹೆಚ್ಚು ಎಳೆದಾಡಬೇಡ.

ಸಭೆಗೆ ಅಪ್ಪನನ್ನು ಕರೆದುಕೊಂಡು ಹೋಗಬೇಡ. ಜನಜಂಗುಳಿ, ಸೆಖೆ, ಅವನ ಕೆಮ್ಮು. ದಯವಿಟ್ಟು.

ತಂಗಿ


ಏಪ್ರಿಲ್ ೧೧

ತಂಗೀ,

ಅಪ್ಪನ ಕೆಮ್ಮಿನ ಮೇಲೆ ನಿನಗಿರುವ ಕಾಳಜಿ ನೋಡಿ ಹೋದ ತಿಂಗಳು ನಾನು ಹಿಗ್ಗಿಹೋಗಿದ್ದೆ. ನಾನೆಂಥ ಪೆದ್ದಿ.

ನಿನ್ನೆ ಏನಾಯಿತೆಂದು ಪೂರ್ತಿ ಹೇಳುತ್ತೇನೆ. ಕೂತು ಓದು.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷೆ, ಅವರ ಪಕ್ಕ ಪಾಲಿಕೆಯ ಹಿರಿಯ ಅಧಿಕಾರಿ. ನನ್ನ ಸರದಿ ಬಂತು. ನೀನು ಹೇಳಿಕೊಟ್ಟ ಕ್ರಮದಲ್ಲೇ ಓದಿದೆ, ಒಂದೇ ಒಂದು ಬೈಗುಳವಿಲ್ಲದೆ. ಕೊನೆಯಲ್ಲಿ ತಡೆಯಲಾಗದೆ ಕೇಳಿಬಿಟ್ಟೆ: 'ಇದನ್ನ ಬರೆದವನು ಯಾರು ಸ್ವಾಮಿ? ಒಂದು ದಿನ ಆದ್ರೂ ನಮ್ಮ ಬೀದೀಲಿ ನಡೆದಿದ್ದಾನಾ?'

ಅಧಿಕಾರಿ ನಗುತ್ತ ಹೇಳಿದರು. 'ಬರೆದವರು ಗಂಡಸಲ್ಲಮ್ಮ. ನಿಮ್ಮ ಬೀದೀಲೇ ಹುಟ್ಟಿ ಬೆಳೆದ ಹೆಣ್ಣುಮಗಳು. ಬ್ರಷ್ ಮೇಷ್ಟ್ರು ಅಂತ ಇದ್ದಾರಲ್ಲ, ಅವರ ಕಿರಿಮಗಳು. ಬೋರ್ಡು ಬರೆಯೋರ ಮನೆಯವರೇ ಬೇಡ ಅಂದ ಮೇಲೆ ನಿಮ್ಮದೇನು?'

ನಾನು ಆ ಮೇಷ್ಟ್ರ ಹಿರಿಮಗಳು ಎಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಬೀದಿಗೆಲ್ಲ ಗೊತ್ತಿತ್ತು. ಅಷ್ಟೂ ಜನ ಒಟ್ಟಿಗೆ ನನ್ನತ್ತ ತಿರುಗಿದರು. ಕೈಯಲ್ಲಿದ್ದ ಕಾಗದ ಎಲ್ಲಿ ಬಿತ್ತೋ ಕಾಣೆ.

ಆಗ ಹಿಂದಿನ ಸಾಲಿನಿಂದ ಅಪ್ಪ ಎದ್ದ. ಬೇಡವೆಂದರೂ ಬಂದಿದ್ದ, ಬಾಗಿಲ ಪಕ್ಕ ಕೂತಿದ್ದ.

'ಬ್ರಷ್ ಮೇಷ್ಟ್ರು ನಾನೇ' ಎಂದ. 'ನನ್ನ ಮಗಳು ಬರೆದಿದ್ದರಲ್ಲಿ ಒಂದು ತಪ್ಪಿದೆ. ಓದು ಬಾರದ ಕಾಲ ಮುಗೀತು ಅಂತ ಬರೆದಿದ್ದಾಳೆ. ಮುಗಿದಿಲ್ಲ, ನಾನಿನ್ನೂ ಇದ್ದೀನಿ. ನನಗೆ ಓದೋಕೆ ಬರಲ್ಲ.'

ಕೆಲವರು ನಕ್ಕರು, ತಮಾಷೆ ಎಂದುಕೊಂಡು. ಅಧಿಕಾರಿಯೂ ನಕ್ಕು, 'ಊರಿನ ಅರ್ಧ ಬೋರ್ಡು ನಿಮ್ಮ ಕೈಯದೇ ಅಂತಾರಲ್ಲ ಮೇಷ್ಟ್ರೇ' ಎಂದರು.

'ಬರೆದಿದ್ದೀನಿ, ಓದಿಲ್ಲ. ಚೀಟಿ ನೋಡ್ಕೊಂಡು ಬಿಡಿಸ್ತೀನಿ. ನನಗೆ ಕತ್ತರಿ ಹೇಗೋ ಅಕ್ಷರಾನೂ ಹಾಗೇ. ನಿಮ್ಮ ಊರಲ್ಲಿ ಚಿತ್ರ ಇರಬಾರದು ಅಂದ್ರೆ ನಾನು ಬರೆದ ಅಕ್ಷರಾನೂ ಅಳಿಸಿಬಿಡಿ. ಅದೂ ಚಿತ್ರಾನೇ.'

ನಗು ನಿಂತಿತು. ಅಪ್ಪ ಮುಂದಿನ ಮಾತು ಹೇಳಿದ್ದು ನಿನಗಾಗಿ, ಅಧಿಕಾರಿಗಲ್ಲ. 'ಅವಳಿಗೆ ಇದು ಗೊತ್ತಿಲ್ಲ. ಗೊತ್ತಾಗಬಾರದು ಅಂತ ನಾನೇ ಮುಚ್ಚಿಟ್ಟಿದ್ದು. ಅವಳನ್ನ ಬೈಬೇಡಿ.'

ಹೌದು ತಂಗೀ. ಮೊದಲು ಅಮ್ಮ ಓದಿ ಸರಿನೋಡುತ್ತಿದ್ದಳು. ಅವಳು ಹೋದಾಗ ನನಗೆ ಹನ್ನೊಂದು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಬೋರ್ಡನ್ನೂ ಓದಿ ಸರಿನೋಡಿದವಳು ನಾನು. ಆ ದರ್ಜಿಯ ಬೋರ್ಡಿನ ದಿನ ನನಗೆ ಜ್ವರ. ಅಪ್ಪ ಚೀಟಿಯಲ್ಲಿದ್ದದ್ದನ್ನೆಲ್ಲ ಇಳಿಸಿಬಿಟ್ಟ. ಊರೆಲ್ಲ ನಕ್ಕಾಗ ತಾನೂ ನಕ್ಕು, ಬೇಕೆಂದೇ ಮಾಡಿದೆ ಎಂದ. ಮನೆಗೆ ಬಂದು ಎರಡು ದಿನ ಊಟ ಬಿಟ್ಟ. ನೀನು ಅದನ್ನೇ ಊರೂರಿಗೆ ಹೇಳಿ ನಗಿಸಿಕೊಂಡು ಬಂದೆ.

ನಾನು ಮೇಲೂರಿನ ಕಾಲೇಜಿಗೆ ಯಾಕೆ ಹೋಗಲಿಲ್ಲ ಎಂದು ನೀನು ಎಷ್ಟು ಸಲ ಕೇಳಿದ್ದೀಯೆ. ಈಗ ಗೊತ್ತಾಯಿತಲ್ಲ. ಮನೆಯಲ್ಲಿ ಓದುವವರು ಒಬ್ಬರು ಇರಬೇಕಿತ್ತು.

ಸಭೆ ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ನಿಂತೇ ಇದ್ದ. ಬೀಗದವನು ಎದ್ದು ಅವನ ಪಕ್ಕ ಹೋಗಿ ನಿಂತು, 'ನನಗೂ ಬರಲ್ಲ' ಎಂದ. ಅವನ ಅಂಗಡಿಯಲ್ಲಿ ದಿನಪತ್ರಿಕೆ ಹರಡಿರುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆಮೇಲೆ ಇಸ್ತ್ರಿಯವಳು. ಆಮೇಲೆ ಹಲ್ಲಿನ ಡಾಕ್ಟರ ಅತ್ತೆ, ರೇಷ್ಮೆ ಸೀರೆಯ ಹೆಂಗಸು, ಅಳಿಯ ಕೈ ಹಿಡಿದು ಎಳೆದರೂ ಕೂರಲಿಲ್ಲ. ಹದಿನಾಲ್ಕು ಜನ ನಿಂತರು. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ನಾವು ಬೀದಿಗೆ ಬಂದು ನೋಡ್ತೀವಿ' ಎಂದರು.

ಅಪ್ಪ ಬೈಬೇಡಿ ಎಂದ. ಅದು ಸಭೆಗೆ ಹೇಳಿದ್ದು, ನನಗಲ್ಲ. ಎರಡು ತಿಂಗಳು ನನ್ನ ಪತ್ರ ಓದಿ, ನನಗೇ ಪಾಠ ಹೇಳಿಕೊಟ್ಟು, ಬರೆದವರು ಯಾರೆಂದು ಹೇಳುವುದು ಕಷ್ಟ ಎಂದೆಯಲ್ಲ. ಒಂದು ಸಾಲು ಬರೆಯಲು ನಿನಗೆ ಅಷ್ಟು ಕಷ್ಟವಾಯಿತೇ?

ಅಕ್ಕ


ಏಪ್ರಿಲ್ ೨೯

ತಂಗೀ,

ಹದಿನೆಂಟು ದಿನವಾಯಿತು. ಬೈ, ಅಳು, ಜಗಳಕ್ಕೆ ಬಾ, ಏನಾದರೂ ಬರೆ. ಅಪ್ಪ ದಿನವೂ ಅಂಚೆಯವನು ಬರುವ ಹೊತ್ತಿಗೆ ಹೊರಗೆ ಏನೋ ಕೆಲಸ ಹಚ್ಚಿಕೊಳ್ಳುತ್ತಾನೆ.

ಮೊನ್ನೆ ಇಪ್ಪತ್ತೇಳಕ್ಕೆ ಸಮಿತಿ ಬೀದಿಗೆ ಬಂತು. ಹಿಂದಿನ ದಿನ ನಾವೆಲ್ಲ ಕೂತು ಮಾತಾಡಿಕೊಂಡಿದ್ದೆವು. ಕೈಮುಗಿದು ನಿಲ್ಲುವುದು ಬೇಡ ಎಂದವಳು ಕನ್ನಡಕದವಳು. 'ಚಿತ್ರ ಬೇಡ ಅಂತಾರಲ್ಲ, ಒಂದು ದಿನ ಅಕ್ಷರ ಇಲ್ಲದ ಬೀದೀಲಿ ನಡೀಲಿ' ಎಂದಳು. ಬೆಳಿಗ್ಗೆ ಎದ್ದು ಇಡೀ ಬೀದಿಯ ಬೋರ್ಡುಗಳ ಅಕ್ಷರಗಳ ಮೇಲೆಲ್ಲ ಕಾಗದ ಅಂಟಿಸಿದೆವು. ಕೀಲಿ, ಕತ್ತರಿ, ಹಲ್ಲು, ಕಣ್ಣು, ಬೂಟು ಮಾತ್ರ ಉಳಿದವು.

ಸಮಿತಿಯವರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಅಧಿಕಾರಿಗೆ ಸಿಟ್ಟು ಬಂದು, 'ಇದು ಸಮಿತಿಗೆ ಮಾಡೋ ಅವಮಾನ' ಎಂದರು. ಬೀಗದವನು, 'ಇಲ್ಲ ಸ್ವಾಮಿ, ನಮಗೆ ದಿನಾ ಊರು ಕಾಣೋದು ಹೀಗೇ' ಎಂದ. ಅಧ್ಯಕ್ಷೆ ಎದುರು ಸಾಲನ್ನು ತೋರಿಸಿ ಅಧಿಕಾರಿಯನ್ನು ಒಂದೇ ಪ್ರಶ್ನೆ ಕೇಳಿದರು: 'ಇಲ್ಲಿ ಏನು ಸಿಗುತ್ತೆ ಅನ್ನೋದು ನಿಮಗೆ ತಿಳೀದೇ ಇರೋ ಅಂಗಡಿ ಯಾವುದು?' ಅಧಿಕಾರಿ ಎರಡನ್ನು ತೋರಿಸಿದರು. ಆ ಎರಡೂ ಹೊಸ ಅಂಗಡಿಗಳು, ಯಂತ್ರದಲ್ಲಿ ಅಚ್ಚಾದ ಬರಿಯ ಅಕ್ಷರದ ಬೋರ್ಡಿನವು.

ಸಂಜೆ ಕಾಗದ ಕೀಳುವಾಗ ಅಲ್ಲಲ್ಲಿ ಬಣ್ಣವೂ ಎದ್ದು ಬಂತು. ಅಪ್ಪನಿಗೆ ಈಗ ಕೈತುಂಬ ಕೆಲಸ.

ಅಕ್ಕ


ಮೇ ೮

ಅಪ್ಪಾ, ಅಕ್ಕಾ,

ಇದು ಇಬ್ಬರಿಗೂ. ಅಕ್ಕ, ನೀನು ಗಟ್ಟಿಯಾಗಿ ಓದು. ಒಂದು ಪದವನ್ನೂ ಹಾರಿಸಬೇಡ. ಇಷ್ಟು ವರ್ಷ ನಾನು ಅಪ್ಪನಿಗೆಂದು ಬರೆದ ಪತ್ರಗಳನ್ನೆಲ್ಲ ಓದಿ ಹೇಳಿದವಳು ನೀನು ಎಂದು ಈಗ ತಿಳಿಯಿತು. ಏನೇನನ್ನು ಹಾರಿಸಿರುತ್ತೀಯೋ ಎಂದು ನೆನೆದರೆ ಮುಖ ಬಿಸಿಯಾಗುತ್ತದೆ.

ಏಳನೇ ಕಲಮು ನಾನೇ ಬರೆದದ್ದು. ಯಾರೂ ಹೇಳಿ ಬರೆಸಿದ್ದಲ್ಲ. ಕರಡಿನಲ್ಲಿ ಮೊದಲು ಅಳತೆ, ಬಣ್ಣ ಮಾತ್ರ ಇತ್ತು. ಚಿತ್ರ ಬೇಡ ಎಂದು ಸೇರಿಸಿದವಳು ನಾನು, ಮೇಲಧಿಕಾರಿ ಮೆಚ್ಚಿಕೊಂಡರು. ಆ ಮೆಚ್ಚುಗೆಯಲ್ಲಿ ನಾಲ್ಕು ದಿನ ತೇಲಾಡಿದೆ.

ಯಾಕೆ ಸೇರಿಸಿದೆ ಎಂದು ಇಷ್ಟೂ ದಿನ ಯೋಚಿಸಿದೆ. ಕಾಲೇಜಿಗೆ ಸೇರಿದ ಮೊದಲ ದಿನ ತಂದೆಯ ಉದ್ಯೋಗ ಕೇಳಿದರು. ಬೀದಿಯವರು ಮೇಷ್ಟ್ರು ಎನ್ನುತ್ತಿದ್ದರಲ್ಲ, ನಾನೂ ಶಿಕ್ಷಕರು ಎಂದು ಬರೆಸಿದೆ. ಸುಳ್ಳಲ್ಲ ಎಂದು ಸಮಾಧಾನ ಹೇಳಿಕೊಂಡೆ. ಬಣ್ಣದ ಕೈಯ ಅಪ್ಪ ಒಮ್ಮೆ ನನ್ನನ್ನು ನೋಡಲು ಹಾಸ್ಟೆಲಿಗೆ ಬಂದಾಗ ಗೇಟಿನ ಹೊರಗೇ ಮಾತಾಡಿಸಿ ಕಳಿಸಿದೆ. ಆ ಕಲಮನ್ನು ಬರೆಯುವಾಗ ಊರನ್ನು ಚಂದ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ಆ ಗೇಟನ್ನೇ ಇನ್ನಷ್ಟು ಗಟ್ಟಿಯಾಗಿ ಮುಚ್ಚುತ್ತಿದ್ದೆ. ಅಪ್ಪಾ, ನಿನಗೆ ಓದು ಬಾರದೆಂಬುದು ನನಗೆ ತಿಳಿದಿದ್ದರೆ ಬರೆಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಬರೆಯುತ್ತಿದ್ದೆನೇನೋ. ಅದೇ ನನಗೆ ಹೆದರಿಕೆ.

ಸಮಿತಿಯ ವರದಿ ಬಂದ ದಿನ ಫೈಲಿನಲ್ಲಿ ಟಿಪ್ಪಣಿ ಹಾಕಿದೆ. 'ಏಳನೇ ಕಲಮನ್ನು ಬರೆದವಳು ನಾನು. ಅದು ತಪ್ಪು. ತೆಗೆದುಹಾಕಬೇಕು.' ಮೇಲಧಿಕಾರಿ ಕರೆದು, 'ನಿಮ್ಮ ತಂದೆಗೋಸ್ಕರ ಬರೀತಿದ್ದೀರಿ ಅಂತಾರೆ ಜನ. ವಾಪಸ್ ತಗೊಳ್ಳಿ' ಎಂದರು. 'ಕಲಮು ಬರೆಯುವಾಗಲೂ ನಾನು ಅವರ ಮಗಳೇ ಆಗಿದ್ದೆ ಸರ್. ಆಗ ಯಾರೂ ಕೇಳಲಿಲ್ಲ' ಎಂದೆ. 'ವಾಪಸ್ ತಗೊಳ್ಳದಿದ್ರೆ ಈ ವಿಭಾಗದಲ್ಲಿ ಇರೋಕಾಗಲ್ಲ.' 'ಸರಿ ಸರ್' ಎಂದು ಎದ್ದು ಬಂದೆ.

ಈಗ ನನ್ನನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಕಿಟಕಿ ಇಲ್ಲ, ಧೂಳಿಗೆ ಸೀನು ಬರುತ್ತದೆ. ಟಿಪ್ಪಣಿ ಮಾತ್ರ ಫೈಲಿನಲ್ಲೇ ಇದೆ, ನನ್ನ ಸಹಿಯ ಸಮೇತ.

ಕ್ಷಮಿಸಿ ಎಂದು ಬರೆಯುವ ಮುಖವಿಲ್ಲ. ಒಂದೇ ಕೇಳುತ್ತೇನೆ. ಬರಲೇ?

ತಂಗಿ


ಜೂನ್ ೨೦

ಪ್ರೀತಿಯ ತಂಗೀ,

ನಿನ್ನ ಪತ್ರವನ್ನು ಬಂದ ದಿನವೇ ಒಂದು ಪದವೂ ಬಿಡದೆ ಓದಿದೆ, ಉತ್ತರಕ್ಕೆ ಮಾತ್ರ ತಡವಾಯಿತು. ಹಾಸ್ಟೆಲ್ ಗೇಟಿನ ಭಾಗ ಬಂದಾಗ ನಾನು ಹಾಳೆ ಕೆಳಗಿಟ್ಟೆ. 'ಓದು' ಎಂದ ಅಪ್ಪ. 'ಅದು ನನಗೆ ಅವತ್ತೇ ಗೊತ್ತಾಗಿತ್ತು. ಮುಂದಕ್ಕೆ ಓದು.' ಮುಗಿದ ಮೇಲೆ, 'ಬರಲೇ ಅಂತ ಕೇಳಿದ್ದಾಳಲ್ಲ, ಮನೆಗೆ ಬರೋಕೂ ಅರ್ಜಿ ಹಾಕಬೇಕಾ' ಎಂದು ಗೊಣಗಿದ. ಅಷ್ಟೇ ಉತ್ತರ. ನನಗೆ ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಬಂದರೆ ಎದುರಿಗೆ ಕೂರಿಸಿಕೊಂಡು ಉಳಿದದ್ದನ್ನು ತೀರಿಸುತ್ತೇನೆ.

ಅಂತಿಮ ನಿಯಮ ಹೊರಬಿತ್ತು. ಏಳನೇ ಕಲಮು ಇಲ್ಲ. ನೇತುಹಾಕುವ ಬೋರ್ಡು ಎರಡು ಅಡಿಯವರೆಗೆ ಚಾಚಬಹುದು, ಗಟ್ಟಿ ಸರಪಳಿ ಇರಬೇಕು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಅದು ನ್ಯಾಯವೇ. ಬೀಗದವನು ಕೀಲಿಯನ್ನು ಕತ್ತರಿಸಿ ಗಿಡ್ಡ ಮಾಡಿಸುತ್ತಿದ್ದಾನೆ, ಮಗನ ತಲೆ ಬೋಳಿಸಿದಷ್ಟು ದುಃಖ ಅವನಿಗೆ. ಒಂಬತ್ತನೇ ಕಲಮು ಮಾತ್ರ ಹಾಗೇ ಉಳಿದಿದೆ. ಗೋಡೆಯ ಮೇಲೆ ಬರೆಯುವಂತಿಲ್ಲ.

ನಿಯಮ ಜಾರಿಯಾದ ಮೂರನೇ ದಿನ ಅಪ್ಪ ಬಸ್ ನಿಲ್ದಾಣದ ಪಕ್ಕದ ಆಸ್ಪತ್ರೆಯ ಕಾಂಪೌಂಡಿನ ಮುಂದೆ ಏಣಿ ಹಾಕಿದ. ಹೆರಿಗೆ ವಾರ್ಡು ಯಾವ ಕಡೆ, ಮೂಳೆಯವರು ಯಾವ ಕಡೆ ಎಂದು ತಿಳಿಯದೆ ಜನ ಒದ್ದಾಡುತ್ತಿದ್ದರು. ಉದ್ದಕ್ಕೂ ಚಿತ್ರ ಬರೆದ. ಮಗುವನ್ನು ಎತ್ತಿಕೊಂಡ ತಾಯಿ, ಪಟ್ಟಿ ಸುತ್ತಿದ ಕಾಲು, ದಾರಿ ತೋರಿಸುವ ಬಾಣ. ಆಸ್ಪತ್ರೆಯ ನರ್ಸುಗಳೇ ಬಕೆಟ್ಟು ನೀರು ತಂದುಕೊಟ್ಟರು. ನೋಟೀಸು ಬಂತು, ಬಾರದೆ ಇರುತ್ತದೆಯೇ.

ಇವತ್ತು ಬೆಳಿಗ್ಗೆ ಪಾಲಿಕೆಗೆ ಹೋಗಿದ್ದೆವು. ಕೌಂಟರಿನ ಗುಮಾಸ್ತ ಮೂರು ಹಾಳೆ ಮುಂದಿಟ್ಟು, 'ಇಲ್ಲೊಂದು ಸಹಿ ಹಾಕಿ ಮೇಷ್ಟ್ರೇ, ಮುಗೀತು' ಎಂದ. ಇಷ್ಟು ವರ್ಷ ಇಂಥ ಹಾಳೆಗಳನ್ನು ಅಪ್ಪ ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಾಡಿಸಿ, ಓದಿದ ಹಾಗೆ ತಲೆದೂಗಿ ನನ್ನ ಕೈಗೆ ಕೊಡುತ್ತಿದ್ದ. ನಾನು ಕೈ ಚಾಚಿದೆ. ಅವನು ಹಾಳೆಗಳನ್ನು ಗುಮಾಸ್ತನ ಕಡೆಗೇ ತಳ್ಳಿದ.

'ನನಗೆ ಓದೋಕೆ ಬರಲ್ಲ. ಓದಿ ಹೇಳಿ.'

'ನಿಮ್ಮ ಮಗಳು ಇದ್ದಾರಲ್ಲ.'

'ಕಾಗದ ಬರೆದಿದ್ದು ನೀವು. ನೀವೇ ಓದಿ. ಸ್ವಲ್ಪ ಗಟ್ಟಿಯಾಗಿ.'

ಹಿಂದೆ ಉದ್ದ ಸಾಲು. ಗುಮಾಸ್ತ ಅತ್ತ ಇತ್ತ ನೋಡಿ ಓದತೊಡಗಿದ. ಮೇಲ್ಕಂಡ ವ್ಯಕ್ತಿಯು, ಸದರಿ ಗೋಡೆಯನ್ನು, ವಿರೂಪಗೊಳಿಸಿದ್ದು, ಮುಂದೆ ಇಂಥ ಕೃತ್ಯ ಎಸಗುವುದಿಲ್ಲವೆಂದು. ಮೂರು ಹಾಳೆ. ಅರ್ಧಕ್ಕೆ ಬಂದಾಗ ಸಾಲಿನ ಜನವೆಲ್ಲ ಕೌಂಟರಿನ ಸುತ್ತ ಸೇರಿದ್ದರು. ಮುದುಕಿಯೊಬ್ಬಳು, 'ವಿರೂಪ ಅಂದ್ರೇನಪ್ಪ?' ಎಂದು ಕೇಳಿದಳು. 'ಅಂದ ಕೆಡಿಸೋದು' ಎಂದ ಗುಮಾಸ್ತ. 'ಆಸ್ಪತ್ರೆ ಗೋಡೇದಾ? ಆ ತಾಯಿ ಮಗೂನ ನೋಡ್ಕೊಂಡೇ ನಾನು ಸೊಸೆ ಹತ್ರ ಹೋಗಿದ್ದು' ಎಂದಳು ಅವಳು. ಗುಮಾಸ್ತ ದನಿ ತಗ್ಗಿಸಿದ. ಅಪ್ಪ, 'ಗಟ್ಟಿಯಾಗಿ' ಎಂದ.

ಓದಿ ಮುಗಿಯಿತು. ಅಪ್ಪ ಕೊನೆಯ ಅಕ್ಷರದವರೆಗೆ ಕೈಕಟ್ಟಿ ಕೇಳಿದ.

'ಚೆನ್ನಾಗಿ ಓದಿದ್ರಿ. ಎಲ್ಲಾ ಅರ್ಥ ಆಯ್ತು' ಎಂದ. 'ಒಪ್ಪಲ್ಲ.'

ಪೆನ್ನನ್ನು ಹಾಳೆಗಳ ಮೇಲೆ ಅಡ್ಡ ಇಟ್ಟು ಹೊರಟ. ದಂಡ ಹಾಕುತ್ತಾರೋ, ಕೋರ್ಟಿಗೆ ಎಳೆಯುತ್ತಾರೋ ಗೊತ್ತಿಲ್ಲ. ನೀನು ಒಂಬತ್ತನೇ ಕಲಮಿಗೂ ಏನಾದರೂ ದಾರಿ ಹುಡುಕುತ್ತಿರು, ಹಳೆಯ ದಾಖಲೆಗಳೆಲ್ಲ ನಿನ್ನ ಕೈಯಲ್ಲೇ ಇವೆಯಲ್ಲ.

ಮೆಟ್ಟಿಲಿಳಿಯುವಾಗ ಅಪ್ಪ ನನ್ನ ಭುಜ ಹಿಡಿದುಕೊಂಡು ಕೇಳಿದ: 'ನಾಳೆ ಯಾವ ಗೋಡೆ?'

ನಿನ್ನ ಅಕ್ಕ